ತೆರೆದ ಫೈಲು ಮುಚ್ಚುವವರು ಯಾರು?

ಕೇಳುಗರಿಗೆ ನಮಸ್ಕಾರ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಪ್ರೋಗ್ರಾಮಿಂಗ್ ಕಲಿಯುತ್ತಿರುವ ಮಕ್ಕಳಿಗೆ ಇವತ್ತು ಒಂದು ಮಾತು ಒತ್ತಿ ಹೇಳಬೇಕು. ತೆರೆದ ಫೈಲು ಮುಚ್ಚುವ ಕೆಲಸವನ್ನು ನಿಮ್ಮ ನೆನಪಿಗೆ ಬಿಡಬೇಡಿ.

ಅಡಿಕೆ ಮಂಡಿಯ ಧಾರಣೆ ಬರೆದಿಡುವ ಪ್ರೋಗ್ರಾಂ ಇದೆ ಅಂತಿಟ್ಟುಕೊಳ್ಳಿ. ರಾಶಿ, ಬೆಟ್ಟೆ, ಸರಕು, ಗೊರಬಲು, ಒಂದೊಂದಕ್ಕೂ ಒಂದು ಫೈಲು. ಮುಚ್ಚುವ ಸಾಲು ಫಂಕ್ಷನ್ನಿನ ಕೊನೆಯಲ್ಲಿದೆ. ದರದ ಜಾಗದಲ್ಲಿ ಯಾರೋ ಅಕ್ಷರ ಒತ್ತಿದರು, ಫಂಕ್ಷನ್ ಅರ್ಧಕ್ಕೇ ವಾಪಸಾಯಿತು. ಫೈಲು ತೆರೆದೇ ಉಳಿಯಿತು. ಹಗಲೂ ರಾತ್ರಿ ಓಡುವ ಸರ್ವರ್‌ನಲ್ಲಿ ಹೀಗೇ ಆಗುತ್ತಿದ್ದರೆ, ಎಷ್ಟೋ ಲಿನಕ್ಸ್ ಮೆಷಿನ್‌ಗಳಲ್ಲಿ ಒಂದು ಪ್ರೋಗ್ರಾಮಿಗೆ ಇರುವ 1024 ಫೈಲುಗಳ ಮಿತಿ ತುಂಬಿ, ಹೊಸ ಫೈಲು ತೆರೆಯಲಿಕ್ಕೇ ಆಗುವುದಿಲ್ಲ.

ತೋಟಕ್ಕೆ ಹೋದವರು ದಣಪೆ ಹಾಕಲು ಮರೆತರೆ ದನ ನುಗ್ಗುತ್ತದೆ. ತಾನಾಗಿ ಮುಚ್ಚಿಕೊಳ್ಳುವ ದಣಪೆಯಂಥದ್ದನ್ನು ಪ್ರೋಗ್ರಾಮಿಂಗಿಗೆ ಬ್ಯಾರ್ನೆ ಸ್ಟ್ರೌಸ್ಟ್ರಪ್ ಕೊಟ್ಟರು. 1979ರಲ್ಲಿ ಅವರು ಬೆಲ್ ಲ್ಯಾಬ್ಸ್‌ನಲ್ಲಿ ಶುರು ಮಾಡಿದ ಭಾಷೆಯೇ ಮುಂದೆ ಸಿ ಪ್ಲಸ್ ಪ್ಲಸ್ ಆಯಿತು. ಅದರ ಡಿಸ್ಟ್ರಕ್ಟರ್, ಅಂದರೆ ಆಬ್ಜೆಕ್ಟ್ ಅಳಿಯುವಾಗ ತಾನಾಗಿ ಓಡುವ ಕೋಡು, ನನಗೆ ಬಹಳ ಮೆಚ್ಚಿನದು. ಆಬ್ಜೆಕ್ಟ್ ಹುಟ್ಟುವಾಗಲೇ ಫೈಲು ತೆರೆಯಿರಿ, ಮುಚ್ಚುವ ಕೋಡನ್ನು ಡಿಸ್ಟ್ರಕ್ಟರ್‌ನಲ್ಲಿ ಬರೆಯಿರಿ. ಆ ಆಬ್ಜೆಕ್ಟ್ ಬದುಕಿರುವ ಕೋಡಿನ ಭಾಗ, ಅಂದರೆ ಸ್ಕೋಪ್, ಮುಗಿದ ಕೂಡಲೇ ಅದು ಓಡುತ್ತದೆ. ನಡುವೆ ರಿಟರ್ನ್ ಆಗಲಿ, ಎಕ್ಸೆಪ್ಶನ್ ಎಂಬ ದೋಷದ ಸೂಚನೆ ಬಂದು ಅದನ್ನು ಕರೆದ ಫಂಕ್ಷನ್ನುಗಳಲ್ಲಿ ಎಲ್ಲೋ ಹಿಡಿಯಲಿ, ಬಿಡುವುದಿಲ್ಲ. ಕೊನೆಗೆ ಹುಟ್ಟಿದ್ದು ಮೊದಲು ಹೋಗುತ್ತದೆ, ಏಕೆಂದರೆ ಅದು ಹಿಂದಿನದನ್ನು ನೆಚ್ಚಿಕೊಂಡಿರಬಹುದು.

2015ರಲ್ಲಿ 1.0 ಆದ ರಸ್ಟ್ ಭಾಷೆಯಲ್ಲಿ ಇದೇ ಕೆಲಸಕ್ಕೆ ಡ್ರಾಪ್ ಇದೆ. ಒಂದು ಮೌಲ್ಯವನ್ನು, ಅಂದರೆ ವ್ಯಾಲ್ಯೂವನ್ನು, ಇನ್ನೊಂದು ಫಂಕ್ಷನ್ನಿಗೆ ಒಪ್ಪಿಸಿದರೆ ಶುಚಿ ಮಾಡುವ ಹೊಣೆಯೂ ಅದರದೇ. ಒಂದು ಕಡೆ ಮಾತ್ರ ಎಚ್ಚರ ಬೇಕು. ಒಂದೇ ಡೇಟಾಕ್ಕೆ ಇಬ್ಬರು ಒಟ್ಟಿಗೆ ಕೈ ಹಾಕದಂತೆ ತಡೆಯುವುದು ಲಾಕ್, ಅದನ್ನು ಹಿಡಿದಿರುವ ಆಬ್ಜೆಕ್ಟ್ ಗಾರ್ಡ್. ಆ ಗಾರ್ಡನ್ನು ಬರೀ ಅಂಡರ್‌ಸ್ಕೋರಿಗೆ ಲೆಟ್ ಮಾಡಿದರೆ ಆ ಸಾಲಿನಲ್ಲೇ ಲಾಕ್ ಬಿಟ್ಟುಹೋಗುತ್ತದೆ. ಅಂಡರ್‌ಸ್ಕೋರಿನ ನಂತರ ಒಂದು ಹೆಸರು ಸೇರಿಸಿ, ಲಾಕ್ ಸ್ಕೋಪಿನ ಕೊನೆಯವರೆಗೂ ನಿಲ್ಲುತ್ತದೆ. ಗೋ ಭಾಷೆಯಲ್ಲಿ ಮುಚ್ಚುವಂಥ ಕೆಲಸವನ್ನು ಕೊನೆಗೆ ಮುಂದೂಡುವ ಡಿಫರ್ ಇದೆ, ಆದರೆ ಅದು ಓಡುವುದು ಇಡೀ ಫಂಕ್ಷನ್ ಮುಗಿದ ಮೇಲೆ. ಲೂಪಿನೊಳಗೆ ಫೈಲು ತೆರೆದು ಡಿಫರ್ ಹಾಕಿದರೆ ಅಲ್ಲಿಯತನಕ ಎಲ್ಲವೂ ತೆರೆದೇ ಇರುತ್ತವೆ.

ಇನ್ನು ನಮ್ಮ ಕಡೆಯ ಮಳೆಗಾಲ. ಕರೆಂಟ್ ಹೋಗಿ ಮೆಷಿನ್ ಆರಿದರೆ ಯಾವ ಡಿಸ್ಟ್ರಕ್ಟರೂ ಓಡುವುದಿಲ್ಲ, ಡ್ರಾಪೂ ಇಲ್ಲ. ಅದಕ್ಕೆ ಬೇರೆ ದಾರಿ ಬೇಕು. ಧಾರಣೆಯನ್ನು ಮೊದಲು ತಾತ್ಕಾಲಿಕ ಫೈಲಿಗೆ ಬರೆಯಿರಿ, ಎಫ್‌ಸಿಂಕ್ ಕರೆದು ಡಿಸ್ಕಿಗೆ ಇಳಿಸಿ, ಆಮೇಲೆ ಹಳೆಯ ಫೈಲಿನ ಹೆಸರಿಗೆ ರಿನೇಮ್ ಮಾಡಿ. ನಮಸ್ಕಾರ.