ಶಾಲೆಯ ಗೇಟಿನಿಂದ 50 ಮೀಟರ್

ಕೇಳುಗರೆಲ್ಲರಿಗೂ ನಮಸ್ಕಾರ.

ಶಾಲೆಯ ಗೇಟಿನಿಂದ ಯಾವ ದಿಕ್ಕಿಗೇ ಆಗಲಿ, 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಮಕ್ಕಳಿಗೆ ಮಾರಬಾರದು ಎಂದು 2020ರ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ಇದು ಎಷ್ಟರಮಟ್ಟಿಗೆ ನಡೆದಿದೆ, ಶಾಲೆಯ ಸುತ್ತ ಬೇಕರಿ ಹೆಚ್ಚಾದರೆ ಮಕ್ಕಳ ತೂಕವೂ ಏರುತ್ತದೆಯೇ ಎಂದು ನೋಡಹೊರಟವರು ಮೊದಲು ಕೈಗೆತ್ತಿಕೊಳ್ಳುವುದು ಅಂಗಡಿಗಳ ಪಟ್ಟಿಯನ್ನು. ಅದರಲ್ಲಿ ಬೇಕರಿಯ ಗುರುತೇ ನಿಜವಾದ ಜಾಗದಿಂದ 60 ಮೀಟರ್ ಆಚೆ ಬಿದ್ದಿದ್ದರೆ 50 ಮೀಟರಿನ ಲೆಕ್ಕ ಹಾಕಿ ಏನು ಬಂತು?

ಜಾಗ ತಪ್ಪುವುದು ಹೆಚ್ಚಾಗಿ ವಿಳಾಸದಿಂದ. 'ಬಸವಣ್ಣನ ಗುಡಿ ಎದುರು, ಹಳೇ ಹುಬ್ಬಳ್ಳಿ' ಎಂದರೆ ನಮ್ಮವರಿಗೆ ಸಾಕು. ವಿಳಾಸವನ್ನು ನಕ್ಷೆಯ ಚುಕ್ಕಿ ಮಾಡುವ ತಂತ್ರಾಂಶಕ್ಕೆ ಸಾಲದು. ಅದು ಪಿನ್‌ಕೋಡ್ ಪ್ರದೇಶದ ನಟ್ಟನಡುವೆ ಚುಕ್ಕಿ ಇಟ್ಟು ಸುಮ್ಮನಾಗುತ್ತದೆ. ಬೇರೆ ಬೇರೆ ಓಣಿಯ ಹತ್ತಾರು ಕಿರಾಣಿ ಅಂಗಡಿಗಳು ಒಂದೇ ಚುಕ್ಕಿಯ ಮೇಲೆ ಪೇರಿಸಿ ಕೂರುತ್ತವೆ. ಹಾಗಾಗಿ ಒಂದೇ ಅಕ್ಷಾಂಶ-ರೇಖಾಂಶ ಎಷ್ಟು ಸಾಲುಗಳಲ್ಲಿ ಮರುಕಳಿಸಿದೆ ಎಂದು ಮೊದಲು ಎಣಿಸಿ. ದಶಮಾಂಶದ ನಂತರ ಮೂರೇ ಅಂಕಿ ಇದ್ದರೆ ಕೊನೆಯ ಅಂಕಿಯ ಒಂದೊಂದು ಹೆಜ್ಜೆಯೂ ಸುಮಾರು 110 ಮೀಟರ್. ಐದು ಅಂಕಿ ಬರೆದುಕೊಂಡರೆ ಸುಮಾರು ಒಂದು ಮೀಟರ್. ಹುಬ್ಬಳ್ಳಿಯ ಅಕ್ಷಾಂಶ ಸುಮಾರು 15.36, ರೇಖಾಂಶ 75.12. ಇವೆರಡನ್ನು ಅದಲುಬದಲು ಮಾಡಿದರೆ ಅಂಗಡಿ ನಾರ್ವೆಯ ಉತ್ತರದ ಸಮುದ್ರದಲ್ಲಿ ತೇಲುತ್ತದೆ. ಆ ತಪ್ಪು ಕಣ್ಣಿಗೆ ಬೀಳುತ್ತದೆ, ಪಿನ್‌ಕೋಡಿನದು ಬೀಳುವುದಿಲ್ಲ.

ಹೆಸರಿನದೂ ತೊಡಕೇ. 2014ರ ನವೆಂಬರ್ 1ರಿಂದ ಊರಿನ ಇಂಗ್ಲಿಷ್ ಹೆಸರು 'ಹುಬ್ಳಿ' ಹೋಗಿ 'ಹುಬ್ಬಳ್ಳಿ' ಆಯಿತು. ಒಂದು ಪಟ್ಟಿಯಲ್ಲಿ ಹಳೆಯದು, ಇನ್ನೊಂದರಲ್ಲಿ ಹೊಸದು ಇದ್ದರೆ ಕಂಪ್ಯೂಟರ್ ಒಂದೇ ಖಾನಾವಳಿಯನ್ನು ಎರಡೆಂದು ಎಣಿಸುತ್ತದೆ.

ಇದಕ್ಕಿಂತ ದೊಡ್ಡ ಕೊರತೆ ಪಟ್ಟಿಗೇ ಬಾರದ ಅಂಗಡಿಗಳದು. ಸಂಜೆ ದುರ್ಗದ ಬೈಲಿನಲ್ಲಿ ನಿಲ್ಲುವ ಗಾಡಿಗಳು, ಮನೆಯ ಮುಂದಿನ ಕೋಣೆಯಲ್ಲೇ ಚಿಪ್ಸ್ ಪೊಟ್ಟಣ ತೂಗುಹಾಕಿದ ಸಣ್ಣ ಅಂಗಡಿ, ಮಿರ್ಚಿ ಭಜಿ ಕರಿಯುವ ಬಂಡಿ. ಪರವಾನಗಿ ಇದ್ದರೂ ಅದರಲ್ಲಿ ಗಾಡಿಯವರ ಮನೆಯ ವಿಳಾಸ ಇರಬಹುದು. ಹೀಗೆ ಬಿಟ್ಟುಹೋಗುವುದು ಎಲ್ಲ ಬಡಾವಣೆಗಳಲ್ಲೂ ಒಂದೇ ಸಮ ಇದ್ದರೆ ಅಂಗಡಿಗೂ ಮಕ್ಕಳ ತೂಕಕ್ಕೂ ನಡುವಿನ ಸಂಬಂಧ ಸಾಮಾನ್ಯವಾಗಿ ಇರುವುದಕ್ಕಿಂತ ಮಂಕಾಗಿ ಕಾಣುತ್ತದೆ, ಅಷ್ಟೆ. ಬಡವರ ಓಣಿಗಳಲ್ಲೇ ಹೆಚ್ಚು ಬಿಟ್ಟುಹೋದರೆ ಇಲ್ಲದ ಸಂಬಂಧವೇ ಹುಟ್ಟಿಕೊಳ್ಳಬಹುದು. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಅಪಾಯದ ತಪ್ಪು: ಬಿಟ್ಟುಹೋದ ಓಣಿಯ ಮಕ್ಕಳ ತಟ್ಟೆಯ ಬಗ್ಗೆಯೇ ನಾವು ಸುಳ್ಳು ಹೇಳಿದಂತಾಗುತ್ತದೆ.

ಆದ್ದರಿಂದ ಕಾಲ್ನಡಿಗೆಯ ತಪಾಸಣೆ ಬೇಕೇ ಬೇಕು. ಕೆಲವು ವಾರ್ಡುಗಳನ್ನು ಚೀಟಿ ಎತ್ತಿ ಆರಿಸಿ. ಹಳೆಯ ಪೇಟೆಯೂ ಹೊಸ ಬಡಾವಣೆಯೂ ಇರಲಿ. ಇಬ್ಬರಿಬ್ಬರು ಹೋಗಿ, ರಸ್ತೆಯ ಒಂದೊಂದು ಮಗ್ಗುಲು ಒಬ್ಬೊಬ್ಬರಿಗೆ. ಅಂಗಡಿಯ ಬಾಗಿಲಲ್ಲೇ ನಿಂತು, ಮೊಬೈಲಿನ ಜಿಪಿಎಸ್ ತೋರಿಸುವ ಅಂದಾಜು ದೋಷ 10 ಮೀಟರಿಗಿಂತ ಕೆಳಗೆ ಇಳಿಯುವವರೆಗೆ ಕಾಯಿರಿ. ಇಕ್ಕಟ್ಟಾದ ಓಣಿಯಲ್ಲಿ ಸಂಕೇತ ಗೋಡೆಗಳಿಗೆ ಬಡಿದು ಬರುವುದರಿಂದ ತಡವಾಗುತ್ತದೆ. ಅಲ್ಲಿ ಉಪಗ್ರಹ ಚಿತ್ರದ ಮೇಲೆ ಕಟ್ಟಡ ಗುರುತಿಸಿ ಚುಕ್ಕಿಯನ್ನು ಕೈಯಿಂದಲೇ ಸರಿಸುವುದು ಮೇಲು. ಒಂದೇ ಸುತ್ತು ಸಾಲದು. ಬೆಳಿಗ್ಗೆ ಇಡ್ಲಿ ಗಾಡಿ ನಿಂತ ಜಾಗದಲ್ಲಿ ಸಂಜೆ ಎಗ್ ರೈಸ್ ಇರುತ್ತದೆ. ಸಂತೆಯ ದಿನದ್ದು ಬೇರೆಯೇ ಲೆಕ್ಕ.

ನಂತರ ಎರಡು ಅಂಕಿ ತೆಗೆಯಬೇಕು. ಉದಾಹರಣೆಗೆ, ಪಟ್ಟಿಯಲ್ಲಿ 80 ಅಂಗಡಿ, ಓಣಿಯಲ್ಲಿ ಕಂಡದ್ದು 120, ಎರಡೂ ಕಡೆ ತಾಳೆಯಾದದ್ದು 60 ಎಂದಿಟ್ಟುಕೊಳ್ಳಿ. ಇರುವ ಅಂಗಡಿಗಳಲ್ಲಿ ಪಟ್ಟಿ ಹಿಡಿದದ್ದು 120ಕ್ಕೆ 60, ಅಂದರೆ ಶೇಕಡ 50. ಪಟ್ಟಿಯಲ್ಲಿದ್ದವುಗಳಲ್ಲಿ ನಿಜವಾಗಿ ಸಿಕ್ಕದ್ದು 80ಕ್ಕೆ 60, ಶೇಕಡ 75. ಎರಡನೆಯದನ್ನಷ್ಟೇ ಹೇಳಿದರೆ ಪಟ್ಟಿ ಚೆನ್ನಾಗಿದೆ ಎನಿಸಿಬಿಡುತ್ತದೆ. ಆದರೆ ಅರ್ಧ ಪೇಟೆ ಅದರಲ್ಲಿಲ್ಲ.

ತಾಳೆ ನೋಡುವ ನಿಯಮವನ್ನು ಮೊದಲೇ ಬರೆದಿಡಿ: ಹೆಸರು ಹೊಂದಬೇಕೇ, ಎಷ್ಟು ಮೀಟರ್ ಒಳಗೆ ಇರಬೇಕು, ಬೇಕರಿಯಲ್ಲೇ ಚಹಾ ಮಾರಿದರೆ ಅದು ಯಾವ ವರ್ಗ. ದೂರವನ್ನು ನೇರ ಗೆರೆ ಎಳೆದು ಅಳೆದರಷ್ಟೇ ಸಾಲದು, ನಡೆಯುವ ದಾರಿಯಲ್ಲೂ ಅಳೆಯಿರಿ. ನಡುವೆ ರೈಲು ಹಳಿ ಬಂದರೆ 200 ಮೀಟರ್ ಆಚೆಯ ಅಂಗಡಿಗೆ ಮಗು ಸೇತುವೆ ಸುತ್ತಿಯೇ ಹೋಗಬೇಕು. ಆದರೆ 50 ಮೀಟರಿನ ನಿಯಮಕ್ಕೆ ಮಾತ್ರ ಗೇಟಿನಿಂದಲೇ ಅಳತೆ. ಶಾಲೆಯ ಕಟ್ಟಡದ ನಡುವಿನ ಚುಕ್ಕಿಯಿಂದಲ್ಲ. ಎರಡು ಗೇಟಿದ್ದರೆ ಎರಡರಿಂದಲೂ ಅಳೆಯಿರಿ.

ನಮಸ್ಕಾರ.