ಲಿಯರ್ ನಾಟಕದ ಯಾವ ಪ್ರತಿ ಓದಿದಿರಿ?

ನಮಸ್ಕಾರ. ಪಾಠಾಂತರ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಓಲೆಗರಿ. ಒಬ್ಬ ಲಿಪಿಕಾರ ಒಂದು ಬಗೆ ಬರೆದ, ಮತ್ತೊಬ್ಬ ಮತ್ತೊಂದು ಬಗೆ. ಅಚ್ಚು ಬಂದ ಮೇಲೆ ಆ ತೊಡಕೆಲ್ಲ ತೀರಿತು, ಒಂದು ಮುದ್ರಣದ ಪ್ರತಿಗಳೆಲ್ಲ ಒಂದೇ ಅಂತ ನಂಬಿಕೊಂಡಿದ್ದೇವೆ. 1600ರ ಆಸುಪಾಸಿನ ಲಂಡನ್ನಿನ ಪುಸ್ತಕಗಳ ಮಟ್ಟಿಗೆ ಈ ನಂಬಿಕೆ ತಪ್ಪು. ಒಂದು ಸ್ಕ್ಯಾನ್ ತೆರೆದು, "ಮೂಲ ಮುದ್ರಣವನ್ನೇ ನೋಡಿದೆ" ಅಂತ ಪ್ರಬಂಧ ಬರೆಯುವ ಅಭ್ಯಾಸವನ್ನು ಇಂಗ್ಲಿಷ್ ಸಾಹಿತ್ಯ ಓದುವವರು ಬಿಡಲೇಬೇಕು. ನೀವು ನೋಡಿದ್ದು ಒಂದು ಪ್ರತಿ, ಅಷ್ಟೇ.

ಯಾಕೆ ಅಂತ ತಿಳಿಯಬೇಕಾದರೆ ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಅರ್ಧಕ್ಕೆ ಮಡಚಿ, ಅಡ್ಡ ತಿರುಗಿಸಿ ಇನ್ನೊಮ್ಮೆ ಮಡಚಿ. ನಾಲ್ಕು ಎಲೆ, ಎಂಟು ಪುಟ. ಇದೇ ಕ್ವಾರ್ಟೊ. ಆ ಕಾಲದ ನಾಟಕಗಳೂ ಕರಪತ್ರಗಳೂ ಹೆಚ್ಚಾಗಿ ಬಂದದ್ದು ಈ ಅಳತೆಯಲ್ಲಿ. ಮಡಿಕೆ ಕತ್ತರಿಸದೆ, ಇಣುಕಿ ನೋಡಿಕೊಂಡು 1ರಿಂದ 8ರವರೆಗೆ ಅಂಕಿ ಬರೆಯಿರಿ. ಈಗ ಬಿಚ್ಚಿ. ಒಂದು ಮಗ್ಗುಲಲ್ಲಿ 1, 4, 5, 8. ಇನ್ನೊಂದರಲ್ಲಿ 2, 3, 6, 7. ಎರಡೂ ಕಡೆ ಎರಡೆರಡು ಪುಟ ತಲೆಕೆಳಗು. ಒಂದೊಂದು ಮಗ್ಗುಲೂ ಒಂದೊಂದು ಫಾರಂ. ನಾಲ್ಕು ಪುಟದ ಮೊಳೆಗಳನ್ನು, ಅಂದರೆ ಲೋಹದ ಅಚ್ಚಕ್ಷರಗಳನ್ನು, ಒಂದೇ ಚೌಕಟ್ಟಿನಲ್ಲಿ ಬಿಗಿದು ಒಟ್ಟಿಗೆ ಅಚ್ಚು ಹಾಕುತ್ತಿದ್ದರು.

ಎಡವಟ್ಟು ಆಗುತ್ತಿದ್ದದ್ದು ಇಲ್ಲೇ. ಯಂತ್ರದ ಹತ್ತಿರ ಇಬ್ಬರು: ಒಬ್ಬ ಚರ್ಮದ ಉಂಡೆಗಳಿಂದ ಮಸಿ ಬಡಿಯುವವನು, ಇನ್ನೊಬ್ಬ ಹಿಡಿ ಎಳೆಯುವವನು. ಗಂಟೆಗೆ 250 ಹಾಳೆ, ಅದೂ ಒಂದು ಮಗ್ಗುಲು ಮಾತ್ರ, ಅನ್ನುವುದು ಅವರ ಲೆಕ್ಕ. ಮೊದಲ ಹಾಳೆಗಳಲ್ಲೊಂದನ್ನು ಪ್ರೂಫ್ ನೋಡಲು ಕೊಟ್ಟು ಇವರು ಎಳೆಯುತ್ತಲೇ ಇರುತ್ತಿದ್ದರು. ತಿದ್ದುಪಡಿ ಬಂದಾಗ ಯಂತ್ರ ನಿಲ್ಲಿಸಿ, ಚೌಕಟ್ಟು ಸಡಿಲಿಸಿ, ಮೊಳೆ ಬದಲಿಸಿ ಮುಂದುವರಿಸುವುದು. ಅಷ್ಟರಲ್ಲಿ ತಪ್ಪಾಗಿ ಅಚ್ಚಾದ ಹಾಳೆಗಳನ್ನು ಎಸೆಯುತ್ತಿರಲಿಲ್ಲ. ಕಾಗದ ಹೆಚ್ಚಾಗಿ ಫ್ರಾನ್ಸಿನಿಂದ ಬರಬೇಕು, ಪುಸ್ತಕದ ಖರ್ಚಿನಲ್ಲಿ ಅದರದ್ದೇ ದೊಡ್ಡ ಪಾಲು. ಹಾಗಾಗಿ ತಿದ್ದಿದ ಹಾಳೆ, ತಿದ್ದದ ಹಾಳೆ ಎಲ್ಲ ಒಂದೇ ರಾಶಿಗೆ ಸೇರಿದವು. ಹೊಲಿಯುವವನ ಕೈಗೆ ಯಾವುದು ಸಿಕ್ಕಿತೋ ಅದು ನಿಮ್ಮ ಪ್ರತಿ.

ಶೇಕ್ಸ್‌ಪಿಯರನ ಕಿಂಗ್ ಲಿಯರ್ ನಾಟಕದ 1608ರ ಕ್ವಾರ್ಟೊ ನೋಡಿ. ನಿಕೊಲಸ್ ಓಕ್ಸ್ ಅಚ್ಚು ಮಾಡಿದ್ದು, ಹತ್ತೂವರೆ ಹಾಳೆಯ ಪುಸ್ತಕ. ಉಳಿದಿರುವುದು 12 ಪ್ರತಿ, ಅವುಗಳಲ್ಲೇ ಹತ್ತು ಬಗೆ. ನಾಲ್ಕನೆಯ ಅಂಕದಲ್ಲಿ ಲಿಯರ್ ರಾಜನ ಹಿರಿಯ ಮಗಳು ಗಾನೆರಿಲ್ ತನ್ನ ಗಂಡನ ಬಗ್ಗೆ ಒಂದು ಮಾತು ಆಡುತ್ತಾಳೆ. ತಿದ್ದದ ಹಾಳೆಯಲ್ಲಿ ಅದು "ನನ್ನ ಪಾದ ನನ್ನ ಮೈಯನ್ನು ಆಕ್ರಮಿಸಿದೆ". ತಿದ್ದಿದ ಹಾಳೆಯಲ್ಲಿ "ಒಬ್ಬ ಮೂರ್ಖ ನನ್ನ ಹಾಸಿಗೆಯನ್ನು ಆಕ್ರಮಿಸಿದ್ದಾನೆ". ಇಂಗ್ಲಿಷಿನಲ್ಲಿ ಫೂಟ್, ಫೂಲ್ ಎರಡಕ್ಕೂ ನಡುವೆ ಇರುವುದು ಒಂದು ಮೊಳೆ, ಟಿ ಅಥವಾ ಎಲ್. ಆದರೆ ಹೆಂಡತಿಯ ಅಸಹ್ಯ ಎಲ್ಲಿಂದ ಎಲ್ಲಿಗೆ ಹೋಯಿತು! ಎರಡನೆಯ ಕ್ವಾರ್ಟೊದಲ್ಲಿ "ನನ್ನ ಪಾದ ನನ್ನ ತಲೆಯನ್ನು", 1623ರ ಫೋಲಿಯೊದಲ್ಲಿ (ಹಾಳೆಯನ್ನು ಒಮ್ಮೆ ಮಾತ್ರ ಮಡಚಿದ ದೊಡ್ಡ ಅಳತೆಯ ಪುಸ್ತಕ) "ನನ್ನ ಮೂರ್ಖ ನನ್ನ ಮೈಯನ್ನು". ಈ ಸಾಲಿನ ಮೇಲೆ ಒಂದು ಅಧ್ಯಾಯ ಬರೆಯುವವರು ಯಾವ ಪ್ರತಿ ಅಂತ ಹೇಳದೆ ಹೋದರೆ ಆ ಅಧ್ಯಾಯಕ್ಕೆ ನೆಲವೇ ಇಲ್ಲ.

ಆ ಎರಡನೆಯ ಕ್ವಾರ್ಟೊದ ಮುಖಪುಟದಲ್ಲೂ 1608 ಅಂತಲೇ ಇದೆ. ಅದು ಸುಳ್ಳು. ಪ್ರಕಾಶಕ ಥಾಮಸ್ ಪೇವಿಯರ್‌ಗಾಗಿ ವಿಲಿಯಂ ಜಾಗರ್ಡ್ 1619ರಲ್ಲಿ ಅಚ್ಚು ಮಾಡಿದ ಹತ್ತು ನಾಟಕಗಳಲ್ಲಿ ಅದೂ ಒಂದು. ಇದನ್ನು 1908ರಲ್ಲಿ ವಿದ್ವಾಂಸ ಡಬ್ಲ್ಯು. ಡಬ್ಲ್ಯು. ಗ್ರೆಗ್ ಹಿಡಿದದ್ದು ಕಾಗದದಿಂದ: 1600, 1608, 1619 ಅಂತ ಬೇರೆ ಬೇರೆ ವರ್ಷ ಹೊತ್ತ ಪುಸ್ತಕಗಳಲ್ಲಿ ಕಾಗದ ಮಾಡುವಾಗಲೇ ಅದರಲ್ಲಿ ಮೂಡುವ ಅವೇ ಗುರುತುಗಳು, ಅಂದರೆ ಅವೇ ವಾಟರ್‌ಮಾರ್ಕ್‌ಗಳು ಬೆರೆತು ಬರುತ್ತವೆ. ಕ್ವಾರ್ಟೊದಲ್ಲಿ ವಾಟರ್‌ಮಾರ್ಕ್ ಇರುವುದು ಬೆನ್ನಿನ ಮಡಿಕೆಯ ನಡುವೆ. ಪುಟವನ್ನು ಬೆಳಕಿಗೆ ಹಿಡಿದರೆ ಕಾಗದ ತಯಾರಿಸುವ ಜಾಲರಿಯ ತಂತಿ ಬಿಟ್ಟ ಗೆರೆಗಳು ಅಡ್ಡಡ್ಡ ಓಡುತ್ತವೆ, ಫೋಲಿಯೊದಲ್ಲಿ ಉದ್ದುದ್ದ. ನಾವು ಮನೆಯಲ್ಲಿ ಕೂತು ನೋಡುವ ಅರ್ಲಿ ಇಂಗ್ಲಿಷ್ ಬುಕ್ಸ್ ಆನ್‌ಲೈನ್ ಸಂಗ್ರಹದ ಚಿತ್ರಗಳು ಬಹುಪಾಲು ಕಪ್ಪುಬಿಳುಪು ಮೈಕ್ರೊಫಿಲ್ಮಿನಿಂದ ತೆಗೆದವು. ಅವುಗಳಲ್ಲಿ ಈ ಗೆರೆ ಕಾಣುವುದಿಲ್ಲ. ಕೆಂಪು ಮಸಿ ಕಪ್ಪಾಗುತ್ತದೆ, ಕಲೆ ಅಲ್ಪವಿರಾಮದಂತೆ ಕಾಣುತ್ತದೆ.

ಆ ಸಂಗ್ರಹ ಬೇಡ ಅನ್ನುತ್ತಿಲ್ಲ. ಧಾರವಾಡದಲ್ಲೋ ಮೈಸೂರಿನಲ್ಲೋ ಕೂತವರಿಗೆ ಅದು ದೊಡ್ಡ ಉಪಕಾರ. ಬಳಸುವಾಗ ಯಾವ ಗ್ರಂಥಾಲಯದ ಪ್ರತಿ ಅನ್ನುವುದನ್ನು ಬರೆದುಕೊಳ್ಳಿ. ಪುಟದ ಅಂಕಿ ನಂಬಬೇಡಿ, ಅದು ಬಹಳ ಸಲ ತಪ್ಪಿರುತ್ತದೆ. ಕೆಳಗಿರುವ ಹಾಳೆಯ ಗುರುತು ಕೊಡಿ: ಎ, ಬಿ, ಸಿ ಹೀಗೆ. ಐ ಆದ ಮೇಲೆ ಕೆ ಬಂದರೆ ಹಾಳೆ ಕಳೆದಿದೆ ಅಂದುಕೊಳ್ಳಬೇಡಿ. ಆ ಸಾಲಿನಲ್ಲಿ 23 ಅಕ್ಷರ ಮಾತ್ರ, ಜೆ ಇಲ್ಲ.

ಕರಪತ್ರಗಳಲ್ಲಂತೂ ಒಂದು ಪ್ರತಿಯ ಬೆಲೆ ಇನ್ನೂ ಹೆಚ್ಚು. ಲಂಡನ್ನಿನ ಪುಸ್ತಕ ವ್ಯಾಪಾರಿ ಜಾರ್ಜ್ ಥಾಮಸನ್ 1640ರಿಂದ 1661ರವರೆಗೆ ಸುಮಾರು 22,000 ಕರಪತ್ರ, ಪತ್ರಿಕೆಗಳನ್ನು ಕೂಡಿಟ್ಟ. ಎಷ್ಟೋ ಮುಖಪುಟಗಳ ಮೇಲೆ ತನ್ನ ಕೈಯಾರೆ ತಾರೀಕು ಬರೆದ. ಆಗ ಇಂಗ್ಲೆಂಡಿನಲ್ಲಿ ವರ್ಷ ಬದಲಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ ನಮ್ಮ ಲೆಕ್ಕದ 1649ರ ಫೆಬ್ರವರಿಯಲ್ಲಿ ಬಂದ ಕರಪತ್ರದ ಮೇಲೆ 1648 ಅಂತ ಇದ್ದರೆ ಅದು ಮುದ್ರಕನ ತಪ್ಪಲ್ಲ. ರಾಜ ಚಾರ್ಲ್ಸ್‌ನ ತಲೆ ಹೋದದ್ದು 1649ರ ಜನವರಿ 30ಕ್ಕೆ. ಒಂದು ಕರಪತ್ರ ಅದಕ್ಕೆ ಮೊದಲು ಬಂತೋ ಆಮೇಲೋ ಅನ್ನುವ ಪ್ರಶ್ನೆ ಎದ್ದಾಗ, ಅಚ್ಚಾದ ವರ್ಷ ಏನೂ ಹೇಳುವುದಿಲ್ಲ. ಥಾಮಸನ್ನನ ಪ್ರತಿ ತೆರೆದು ಅವನ ಕೈಬರಹ ಹುಡುಕಿ.