ಕಸದ ಗಾಡಿ ಹಿಂದೆ ಒಂದು ಬೆಳಗ್ಗೆ, ಬಳ್ಳಾರಿ ಕೌಲ್ ಬಜಾರ್ ವ್ಲಾಗ್

ನಮಸ್ಕಾರ ಎಲ್ರಿಗೂ. ಟೈಮ್ ಈಗ ಆರೂ ಮುಕ್ಕಾಲು, ನಾನು ನಮ್ಮ ಮನೆ ಕಟ್ಟೆ ಮೇಲೆ ಕೂತಿದೀನಿ, ಬಿಸಿಲಿನ್ನೂ ಕೋಟೆ ಗುಡ್ಡದ ತುದೀಲೇ ಐತೆ, ಓಣಿಗೆ ಇಳಿದಿಲ್ಲ. ಆ ಮೈಕ್ ಸೌಂಡ್ ಕೇಳಿಸ್ತಾ? ಹಸಿ ಕಸ ಒಣ ಕಸ ಬೇರೆ ಮಾಡಿ ಕೊಡಿ ಅಂತ ಹೇಳ್ಕೊಂಡು ಬರ್ತೈತಲ್ಲ, ಅದೇ. ನಾವು ಅದಕ್ಕೆ ಕಸದ ಗಾಡಿ ಅಂತೀವಿ, ಎದುರು ಮನೆಯವರು ಚೆತ್ತ ಬಂಡಿ ಅಂತಾರೆ, ಮೂಲೆ ಮನೆ ಚಾಚಿ ಕಚರಾ ಗಾಡಿ ಆಯೀ ಅಂತ ಕೂಗಿ ಅರ್ಧ ಓಣಿ ಎಬ್ಬಿಸ್ತಾರೆ. ಒಂದು ಗಾಡಿಗೆ ಮೂರು ಹೆಸರು, ಕೌಲ್ ಬಜಾರ್ ಅಂದ್ರೆ ಹಿಂಗೇ.

ಇವತ್ತು ನಲ್ಲಿ ನೀರು ಬರೋ ದಿನ ಬೇರೆ. ನಮ್ಮವ್ವನ್ನ ನೋಡಿ, ಒಂದು ಕೈಯಲ್ಲಿ ಪೈಪು, ಕಾಲಡಿ ಐದು ಬಿಂದಿಗೆ, ಸೋಪಾನದ ಕೆಳಗೆ ಡ್ರಮ್ಮು. ನೀರು ಎಷ್ಟು ಹೊತ್ತು ಇರ್ತೈತೋ ಅನ್ನೋ ಆತಂಕ. ಆಗ್ಲೇ ಗಾಡಿ ಬರೋದು. ಎರಡು ನಿಮಿಷ ನಿಂತು ಮುಂದೆ ಹೋಗ್ತೈತೆ, ಅವರಿಗೂ ಇನ್ನೂ ಎಷ್ಟೋ ಓಣಿ ಬಾಕಿ ಇರ್ತಾವಲ್ಲ. ಅವ್ವ ಪೈಪ್ ಬಿಟ್ಟು ಓಡಾಕೆ ಆಗಲ್ಲ, ಪಕ್ಕದ ಮನೆಯವರಿಗೂ ಆಗಲ್ಲ, ಹಂಗಾಗಿ ಬಕೆಟ್ ತುಂಬಿದ್ದು ತುಂಬಿದಂಗೇ ಉಳೀತೈತೆ, ಮಧ್ಯಾಹ್ನಕ್ಕೆ ವಾಸನೆ ಶುರು, ಬಳ್ಳಾರಿ ಬಿಸಿಲಿಗೆ ಅನ್ನ ಸಾರು ಎಷ್ಟೊತ್ತು ತಡೀತೈತೆ ಹೇಳಿ, ಕತ್ತಲಾದ್ಮೇಲೆ ಯಾರೋ ಒಬ್ರು ಕವರ್ ಕಟ್ಟಿ ಟಿಸಿ ಕಂಬದ ಹತ್ರ, ಅಂದ್ರೆ ಕರೆಂಟ್ ಟ್ರಾನ್ಸ್‌ಫಾರ್ಮರ್ ಕಂಬದ ಹತ್ರ, ಇಟ್ಟು ಬರ್ತಾರೆ. ಯಾರೋ ಅಂದೆ. ನಾನೂ ಇಟ್ಟೀನಿ, ಸುಳ್ಳು ಯಾಕೆ ಹೇಳ್ಲಿ.

ಈಗ ಕ್ಯಾಮೆರಾ ಆ ಕಂಬದ ಕಡೆ ತಿರುಗಿಸ್ತೀನಿ. ಮೂರು ವಾರದ ಹಿಂದೆ ಇಲ್ಲಿ ಒಂದೇ ಕವರ್ ಇತ್ತು. ಈಗ ನೋಡಿ, ಎರಡು ದನ ನಿಂತಾವೆ, ಕೆಳಗೆ ನೀಲಿ ನೀಲಿ ಕಾಣ್ತೈತಲ್ಲ, ಅದು ಜೀನ್ಸ್ ಚಿಂದಿ. ನಮ್ಮೂರ ಜೀನ್ಸ್ ಎಲ್ಲೆಲ್ಲಿಗೋ ಹೋಗ್ತಾವೆ, ಚಿಂದಿ ಮಾತ್ರ ಇಲ್ಲೇ ಉಳ್ಕೋತೈತೆ. ಪ್ರತಿ ಓಣೀಲಿ ಮಷೀನ್ ಐತೆ, ಮನೇಲಿ ಕೂತು ದಾರ ಟ್ರಿಮ್ಮಿಂಗ್ ಮಾಡೋ ಹೆಣ್ಮಕ್ಕಳು ಎಷ್ಟು ಜನ ಅದಾರೆ. ಕಟ್ ಪೀಸ್ ಚೀಲ ತುಂಬಿದ್ಮೇಲೆ ಎಲ್ಲಿ ಹಾಕೋದು ಅಂತ ಗೊತ್ತಾಗ್ದೆ ರಾತ್ರಿ ಬೆಂಕಿ ಹಚ್ತಾರೆ. ಬಣ್ಣ ಹಾಕಿದ ಬಟ್ಟೆ, ಅದರಲ್ಲಿ ಸ್ಟ್ರೆಚ್ ಬರಾಕೆ ಪ್ಲಾಸ್ಟಿಕ್ ಥರದ ನೂಲು ಬೇರೆ ಇರ್ತೈತೆ, ಆ ಹೊಗೆ ಕಿಟಕಿ ಹಾಕಿದ್ರೂ ಒಳಗೆ ಬರ್ತೈತೆ. ನಮ್ಮಜ್ಜ ಮೊದಲೇ ಉಬ್ಬಸದ ಮನುಷ್ಯ, ರಾತ್ರಿಯೆಲ್ಲ ಎದ್ದು ಕೂತಿರ್ತಾನೆ. ಘನತ್ಯಾಜ್ಯ ನಿಯಮ ಅಂತ 2016ರಲ್ಲೇ ಬಂತು, ಹಸಿ, ಒಣ, ಅಪಾಯದ ಕಸ ಅಂತ ಮೂರು ಭಾಗ ಮಾಡಿ ಕೊಡಬೇಕು, ರಸ್ತೇಲಿ ಎಸೀಬಾರ್ದು, ಸುಡಬಾರ್ದು ಅಂತ ಅದರಲ್ಲಿ ಮನೆಯವರಿಗೇ ಹೇಳಿತ್ತು, 2026ರಲ್ಲಿ ಹೊಸ ನಿಯಮ ಬಂದು ಮೂರು ಭಾಗ ಇದ್ದಿದ್ದು ನಾಲ್ಕಾಯ್ತು.

ನಾನು ಇವತ್ತು ಗಾಡಿ ಹಿಂದೆ ನಡ್ಕೊಂಡು ಹೋದೆ, ಮೂರು ಓಣಿ. ಗಾಡಿ ಮೇಲಿರೋ ಅಕ್ಕನ್ನ ಕೇಳಿ ಶೂಟ್ ಮಾಡಿದ್ದು, ಮುಖ ತೋರ್ಸಬೇಡ ಅಂದ್ರು, ತೋರ್ಸಲ್ಲ. ಕೈ ಮಾತ್ರ ನೋಡಿ. ಆ ಬೆರಳಿಗೆ ಸುತ್ತಿರೋ ಬಟ್ಟೆ ಏನು ಅಂತ ಕೇಳಿದ್ದಕ್ಕೆ, "ಸೂಜಿ ಚುಚ್ಚಿತು ತಮ್ಮಾ, ಮಷೀನ್ ಸೂಜಿ, ಅನ್ನದ ಕವರ್‌ನಾಗೇ ಹಾಕಿರ್ತಾರೆ, ಕೈಹಾಕಿ ಬೇರೆ ಮಾಡುವಾಗ ಗೊತ್ತಾಗಲ್ಲ" ಅಂದ್ರು. ನಾನು ಅಲ್ಲೇ ನಿಂತ್ಬಿಟ್ಟೆ. ಯಾಕಂದ್ರೆ ನಮ್ಮವ್ವಂದೂ ಮಷೀನ್ ಐತೆ. ಜೀನ್ಸ್ ಬಟ್ಟೆ ದಪ್ಪ, ಸೂಜಿ ಮುರೀತಾನೇ ಇರ್ತಾವೆ. ಮುರಿದ ಸೂಜಿ ಇಷ್ಟು ವರ್ಷ ಎಲ್ಲಿ ಹೋಗ್ತಿತ್ತು ಅಂತ ನಾನು ಒಂದಿನಾನೂ ಕೇಳಿರ್ಲಿಲ್ಲ.

ಆಮೇಲೆ ಚಾ ಅಂಗಡಿಗೆ ಬಂದೆ. ಮಂಡಕ್ಕಿ ಒಗ್ಗರಣೆ, ಮಿರ್ಚಿ, ಅದರ ಜೊತೆ ರಾಜಕೀಯ. ಮುಂದಿನ ಎಂಎಲ್ಎ ಯಾರು, ಬೆಂಗಳೂರಲ್ಲಿ ಕುರ್ಚಿ ಯಾರಿಗೆ, ಎಲ್ರಿಗೂ ಬಾಯಿಪಾಠ. ನಾನು ಕೇಳ್ದೆ, ನಮ್ಮ ಓಣಿಗೆ ಗಾಡಿ ಆರೂ ಮುಕ್ಕಾಲಿಗೇ ಬರಬೇಕು ಅಂತ ಯಾರು ಹೇಳಿದ್ದು, ಅದನ್ನ ಬದಲಾಯ್ಸಿ ಅಂತ ಯಾರನ್ನ ಕೇಳ್ಬೇಕು? ಯಾರೂ ಮಾತಾಡ್ಲಿಲ್ಲ. ಒಬ್ರು ಎಂಎಲ್ಎ ಆಫೀಸಿಗೆ ಹೋಗು ಅಂದ್ರು. ಅಲ್ಲ ಅಣ್ಣಾ, 74ನೇ ತಿದ್ದುಪಡಿ ಆಗಿದ್ದು 1992ರಲ್ಲಿ, ಕಸ ವಿಲೇವಾರಿ ನಗರಾಡಳಿತದ ಕೆಲಸ ಅಂತ ಸಂವಿಧಾನದ 12ನೇ ಶೆಡ್ಯೂಲಲ್ಲೇ ಬರೆದಾರೆ. ನಮ್ಮ ಪಾಲಿಕೆಗೆ 39 ವಾರ್ಡ್, 2021ರ ಏಪ್ರಿಲಲ್ಲಿ ವೋಟ್ ಹಾಕಿದ್ವಿ, ಕೋವಿಡ್ ಟೈಮಲ್ಲಿ ಮಾಸ್ಕ್ ಹಾಕ್ಕೊಂಡು ಕ್ಯೂ ನಿಂತಿದ್ದು ನನಗಿನ್ನೂ ನೆನಪೈತೆ. 2023ರಲ್ಲಿ 23 ವರ್ಷದ ಡಿ. ತ್ರಿವೇಣಿ ಮೇಯರ್ ಆದಾಗ ಊರೆಲ್ಲ ಅದೇ ಸುದ್ದಿ, ನಮ್ಮ ವಯಸ್ಸಿನವರು ಆ ಕುರ್ಚೀಲಿ ಕೂತ್ರು ಅಂತ ನನಗೆ ಬಹಳ ಖುಷಿ ಆಗಿತ್ತು. ಆದ್ರೆ ಆ ಖುಷಿ ಸ್ಟೇಟಸ್ ಹಾಕೋದ್ರಲ್ಲೇ ಮುಗೀತು, ವಾರ್ಡಿಗೆ ಹೋಗಿ ಒಂದು ಮಾತು ಕೇಳೋಣ ಅಂತ ನನಗೆ ಹೊಳೀಲೇ ಇಲ್ಲ.

ಇನ್ನೊಂದು ವಿಷಯ ನನಗೆ ಈ ವಿಡಿಯೋ ಮಾಡುವಾಗ್ಲೇ ಗೊತ್ತಾಗಿದ್ದು. 3 ಲಕ್ಷ ಇಲ್ಲಾ ಅದಕ್ಕಿಂತ ಜಾಸ್ತಿ ಜನ ಇರೋ ಊರಲ್ಲಿ ವಾರ್ಡ್ ಕಮಿಟಿ ಇರಬೇಕು ಅಂತ ಸಂವಿಧಾನದ 243ಎಸ್ ವಿಧಿ ಹೇಳ್ತೈತೆ. 2011ರ ಜನಗಣತೀಲೇ ಬಳ್ಳಾರಿ 4 ಲಕ್ಷ ದಾಟಿತ್ತು. ನಮ್ಮ ರಾಜ್ಯದ ಪಾಲಿಕೆ ಕಾಯ್ದೆ ಪ್ರಕಾರ ಕಾರ್ಪೊರೇಟರ್ ಅಧ್ಯಕ್ಷರು, ಜೊತೆಗೆ ವಾರ್ಡಿನ ಹತ್ತು ಜನ, ಅದರಲ್ಲಿ ಕನಿಷ್ಠ ಮೂರು ಜನ ಹೆಣ್ಮಕ್ಕಳು. ನೀರು ಬಿಟ್ಟು ಬರಾಕೆ ಆಗಲ್ಲ ಅಂತ ಹೇಳೋ ಹೆಂಗಸು ಆ ಮೂರರಲ್ಲಿ ಒಬ್ಬರಾಗಿದ್ರೆ ಟಿಸಿ ಕಂಬದ ಹತ್ರ ಆ ಗುಡ್ಡೆ ಬೀಳ್ತಿತ್ತಾ? ನೀವೇ ಯೋಚ್ನೆ ಮಾಡಿ.

ಹಂಗಾಗಿ ಇವತ್ತು ಸಾಯಂಕಾಲ ನಾವು ಆರು ಜನ ಕೂತು ಒಂದು ಅರ್ಜಿ ಬರೆದ್ವಿ, ನೀರು ಬರೋ ದಿನ ಗಾಡಿ ಎಂಟು ಗಂಟೆ ಮೇಲೆ ಬರ್ಲಿ, ಜೀನ್ಸ್ ಚಿಂದಿಗೆ ವಾರಕ್ಕೆ ಒಂದಿನ ಬೇರೆ ಗಾಡಿ ಕೊಡಿ, ವಾರ್ಡ್ ಕಮಿಟಿ ಮೀಟಿಂಗ್ ಯಾವಾಗ ಅಂತ ನಮಗೂ ತಿಳಿಸಿ, ಇಷ್ಟೇ. ಚಾಚಿ ಉರ್ದೂಲಿ ಸೈನ್ ಹಾಕಿದ್ರು, ಎದುರು ಮನೆಯವರು ತೆಲುಗಲ್ಲಿ, ಅವ್ವ ಕನ್ನಡದಲ್ಲಿ. ನಾಳೆ ಪಾಲಿಕೆ ಆಫೀಸಿಗೆ ಕೊಟ್ಟು ಸೀಲ್ ಹಾಕಿಸ್ಕೊಂಡು ಬರ್ತೀವಿ, ಏನಾಯ್ತು ಅಂತ ಮುಂದಿನ ವಿಡಿಯೋದಲ್ಲಿ ಹೇಳ್ತೀನಿ.

ಇದು ಇವತ್ತಿನ ಕೊನೇ ಕ್ಲಿಪ್. ಅವ್ವ ಮಷೀನ್ ಪಕ್ಕ ಒಂದು ಖಾಲಿ ಎಣ್ಣೆ ಬಾಟ್ಲಿ ಇಟ್ಕೊಂಡಾಳೆ, ಮುಚ್ಚಳಕ್ಕೆ ತೂತು ಮಾಡಿ. ಟಿಕ್ ಅಂತ ಸೌಂಡ್ ಬಂತಲ್ಲ, ಇವತ್ತು ಮುರಿದ ಸೂಜಿ ಅದು. ಬಾಟ್ಲಿ ಮೇಲೆ ದೊಡ್ಡದಾಗಿ ಸೂಜಿ ಅಂತ ಬರೆದಿದೀನಿ, ಅಕ್ಕಗೆ ಓದಾಕೆ ಬರ್ತೈತೋ ಇಲ್ವೋ ಅಂತ ಪಕ್ಕದಲ್ಲಿ ಚಿತ್ರಾನೂ ಹಾಕಿದೀನಿ.